ಜಮಖಾನೆಯ ಮೇಲೆ ಮೂಡಿದ ಗರಿಗಳು

೨೦೨೩ನೆಯ ಇಸವಿ, ನನಗಾಗ ಐವತ್ತೆರಡು ವರ್ಷ. ಗಂಗಾನಗರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ವಿಜ್ಞಾನಿ ಮೇಡಂ, ಮೊಟ್ಟೆಯೊಳಗಿನ ಕೋಳಿಮರಿಯ ಚರ್ಮದಲ್ಲಿ ಗರಿ ಹೇಗೆ ಮೂಡುತ್ತದೆಂದು ಅಭ್ಯಸಿಸುತ್ತಿದ್ದರು. ವಿವರಿಸುವಾಗ ಕೈಗೆ ಸಿಕ್ಕ ಬಟ್ಟೆಯನ್ನು, ಒಮ್ಮೆ ನಾನು ಉಟ್ಟಿದ್ದ ಇಸ್ತ್ರಿ ಪಂಚೆಯನ್ನೂ, ಐದು ಬೆರಳುಗಳಿಂದ ಸೆಳೆದು, ಗರಿಯ ಮೊಳಕೆಯಂತೆ ಹಿಡಿದೆತ್ತುತ್ತಿದ್ದರು.

“ಜೀವಕೋಶಗಳು ಅಕ್ಕಪಕ್ಕದವನ್ನ ಎಳ್ಕೊಂಡು ಗುಂಪಾಗ್ತವೆ ಮೇಷ್ಟ್ರೇ. ಗುಂಪಾದ ಕಡೆ ಗರಿ, ಅದೂ ಸಮಾನ ಅಂತರದಲ್ಲಿ. ಯಾರೂ ಹೇಳ್ಕೊಡಲ್ಲ.”

ಮಕ್ಕಳನ್ನು ಸಾಲಾಗಿ ನಿಲ್ಲಿಸುವುದರಲ್ಲೇ ಅಧ್ಯಾಪಕ ವೃತ್ತಿ ಸವೆಸಿದ ನನಗೆ ಇದು ಒಪ್ಪಿಗೆಯಾಗಲಿಲ್ಲ. ರಾಜ್ಯೋತ್ಸವದಂದು ಬೀದಿಯ ಮಕ್ಕಳನ್ನು ಸೀಟಿ ಊದಿ ಕೂರಿಸುವ ಅಧಿಕಾರ ಪ್ರತಿವರ್ಷ ನನ್ನದು.

“ಈ ಸಲ ಊದ್ಬೇಡಿ. ಅವರಾಗೇ ಗುಂಪುಗುಂಪಾಗಿ ಸಮಾನ ಅಂತರದಲ್ಲಿ ಕೂರದಿದ್ರೆ, ಇನ್ಮೇಲೆ ಗರಿ ಮಾತೇ ಎತ್ತಲ್ಲ,” ಎಂದರು.

“ಕೂತರೆ ಸೀಟಿ ನಿಮಗೇ,” ಎಂದೆ.

ಅಂದು ಮಕ್ಕಳು ಜಮಖಾನೆಯ ಮೇಲೆ ಗೆಳೆಯರನ್ನು ಎಳೆದೆಳೆದು ಗುಂಪಾದರು. ಗುಂಪುಗಳ ನಡುವೆ ಅಳೆದಿಟ್ಟಂಥ ಅಂತರ. ಮಾತಿನಂತೆ ಸೀಟಿ ಒಪ್ಪಿಸಿದೆ. ಆದರೆ ಊಟಕ್ಕೆ ಕರೆದರೆ ಯಾವ ಗುಂಪೂ ಏಳಲಿಲ್ಲ. ಮೇಡಂ ಸೀಟಿ ಊದಿದರು. ಬರಿಯ ಗಾಳಿ ಬಂತು. ಸೆರಗಿನಿಂದ ಒರೆಸಿ ನನ್ನ ಕೈಗಿತ್ತರು.

“ಗುಂಪಾಗೋದನ್ನ ಯಾರೂ ಹೇಳ್ಕೊಡಲ್ಲ ಮೇಷ್ಟ್ರೇ. ಏಳೋದನ್ನ ನೀವೇ ಹೇಳ್ಬೇಕು.”

ನಮ್ಮ ತಕರಾರು ಹೀಗೆ ಇತ್ಯರ್ಥವಾದದ್ದು ೨೦೨೩ರ ನವೆಂಬರ್ ಒಂದರಂದು, ಬುಧವಾರ, ಪಾಯಸ ಆರುವ ಮುನ್ನ.