ಅರ್ಜಿಗೆಂದು ಅವ್ವನಿಗೆ ಬಂದ ಬೇನೆ

ನನ್ನ ಬಿ.ಎಸ್ಸಿ. ಅಂಕಪಟ್ಟಿಗಳನ್ನು ಪೂರ್ತಿಯಾಗಿ ಓದಿದ ಮೊದಲ ಮನುಷ್ಯ ರಾಯಬಾಗದ ದನದ ದವಾಖಾನೆಯ ಡಾಕ್ಟರು. ಆಗ ಯಾವ ಅರ್ಜಿ ಹಾಕಬೇಕೆಂದರೂ ಝೆರಾಕ್ಸ್ ಪ್ರತಿಗಳ ಮೇಲೆ ಗೆಜೆಟೆಡ್ ಅಧಿಕಾರಿಯ ಸಹಿ, ಸಿಕ್ಕಾ ಬೇಕಿತ್ತು. ದೊಡ್ಡ ಸಾಹೇಬರು ಕಚೇರಿಯಲ್ಲಿ ಸಿಗುವುದೇ ಅಪರೂಪ. ದನದ ಡಾಕ್ಟರು ಸಿಗುತ್ತಿದ್ದರು. ಎಮ್ಮೆಗೆ ಸೂಜಿ ಮಾಡಿ, ಕೈ ತೊಳೆದುಕೊಂಡು ಬಂದು, ನನ್ನ ಕಾಗದಗಳನ್ನು ಸ್ಟೂಲಿನ ಮೇಲೆ ಹರಡಿಕೊಂಡರು. ಬೇರೆಯವರಾದರೆ ನೋಡಿದಂತೆ ಮಾಡಿ ಸಿಕ್ಕಾ ಒತ್ತಿಬಿಡುತ್ತಾರೆ. ಈ ಪುಣ್ಯಾತ್ಮರು ಒಂದೊಂದು ವಿಷಯದ ಮೇಲೂ ಬೆರಳಿಟ್ಟು ಓದಿದರು.

"ಎಸ್ಸೆಸ್ಸೆಲ್ಸಿಯೊಳಗ ಇಷ್ಟ ಛಲೋ ಅದಾವು. ಇಲ್ಲಿ ಏನಾತವಾ?" ಎಂದು ಕೇಳಿದರು.

ಪಕ್ಕದಲ್ಲಿ ಅವ್ವ ನಿಂತಿದ್ದಳು. ನಾನು ನೆಲ ನೋಡಿದೆ. ಸಹಿ ಬಿತ್ತು, ನಾವು ಮನೆಗೆ ಬಂದೆವು.

ಏನಾಯಿತು ಎಂಬುದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಕನ್ನಡ ಶಾಲೆಯಲ್ಲಿ ನಾನೇ ಮೊದಲಿಗಳು. ಹಾಗಾಗಿ ಎಲ್ಲರೂ ಸೈನ್ಸು ಎಂದರು, ನಾನೂ ಹೂಂ ಎಂದೆ. ಚಿಕ್ಕೋಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸು ತಪ್ಪಿದ ದಿನ ಮನಸ್ಸಿಗೆ ಹಬ್ಬ. ಕೆಮಿಸ್ಟ್ರಿಯಲ್ಲಿ ಎರಡು ಸಲ ನಪಾಸಾದೆ. ಯಾರೂ ನನಗೆ ತೊಂದರೆ ಕೊಟ್ಟಿರಲಿಲ್ಲ, ಮನೆಯಲ್ಲಿ ಕಷ್ಟ ಇರಲಿಲ್ಲ, ಪ್ರೀತಿ ಪ್ರೇಮವೂ ಇರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲಿಕ್ಕಾದರೂ ಬರುತ್ತಿತ್ತು. ಕೊನೆಗೆ ಐವತ್ತೊಂದು ಪರ್ಸೆಂಟಿಗೆ ತೇಲಿ ದಡ ಸೇರಿದೆ.

ಪದವಿ ಮುಗಿದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತ, ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕುಳಿತೆ. ಆ ಪರೀಕ್ಷೆಯ ಲೆಕ್ಕಗಳು ಒಗಟಿನ ಹಾಗೆ ಇದ್ದವು, ನನಗೆ ಬಂದವು. ಬೆಳಗಾವಿಯ ಕೇಂದ್ರದಲ್ಲಿ ಬರೆದು ಬಂದದ್ದಕ್ಕೆ ನಂಬಲಾಗದಷ್ಟು ಒಳ್ಳೆಯ ಅಂಕ ಬಂತು. ವ್ಯಾಪಾರ ಕಲಿಯುವ ಆಸೆ ಇತ್ತೆಂದರೆ ಸುಳ್ಳಾಗುತ್ತದೆ. ಆ ಐವತ್ತೊಂದರ ಮೇಲೆ ಒಂದು ದೊಡ್ಡ ಕಾಲೇಜಿನ ಹೆಸರು ಕುಳಿತರೆ ಕೆಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದಷ್ಟೇ ನನ್ನ ಆಸೆ. ಆದರೆ ಆ ದೊಡ್ಡ ಕಾಲೇಜುಗಳೆಲ್ಲ ಮೊದಲು ನೋಡುತ್ತಿದ್ದುದು ಅದನ್ನೇ. ನಾಲ್ಕು ಕಡೆಯಿಂದ ಸಂದರ್ಶನಕ್ಕೆ ಕರೆ ಬರಲೇ ಇಲ್ಲ. ಪುಣೆಯ ಒಂದು ಕಾಲೇಜಿನ ಅರ್ಜಿಯಲ್ಲಿ ಮಾತ್ರ ಒಂದು ಖಾಲಿ ಚೌಕವಿತ್ತು: ಪದವಿಯಲ್ಲಿ ಅಂಕ ಕಡಿಮೆ ಇದ್ದರೆ ಕಾರಣ ಬರೆಯಿರಿ. ದನದ ಡಾಕ್ಟರ ಪ್ರಶ್ನೆಯೇ ಅಚ್ಚಾಗಿ ಮನೆಗೆ ಬಂದಿತ್ತು.

ಕಾರಣ ಹುಡುಕಲು ಅಥಣಿಯಿಂದ ಸೋದರಮಾವ ಬಂದ. ಅವನು ವಿಮೆಯ ಏಜೆಂಟ. ಆರಾಮಿಲ್ಲದವರನ್ನು ಕಾಗದದ ಮೇಲೆ ಗಟ್ಟಿಮುಟ್ಟು ಮಾಡುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಈ ಸಲ ಗಟ್ಟಿಮುಟ್ಟಿದ್ದವರನ್ನು ಹಾಸಿಗೆ ಹಿಡಿಸಬೇಕಿತ್ತು. ಮನೆಯಲ್ಲಿ ಯಾರಿಗಾದರೂ ದೊಡ್ಡ ಬೇನೆ ಇತ್ತು, ಮಗಳೇ ಆರೈಕೆ ಮಾಡಿದಳು ಎಂದು ಬರೆದರೆ ಎಂಥ ಕಲ್ಲುಮನಸ್ಸೂ ಕರಗುತ್ತದೆ ಎಂದ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ತೂಗುವ ಕೆಲಸದಲ್ಲಿದ್ದ. ತನ್ನ ಹೆಸರು ಬಂದೀತೆಂದು ಮೊದಲೇ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

"ನಂದು ಬರಿ," ಅಂದಳು ಅವ್ವ.

ಅವ್ವ ಅಂಗನವಾಡಿ ಶಿಕ್ಷಕಿ. ಪೋಲಿಯೋ ಹನಿಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಕಬ್ಬಿನ ಗದ್ದೆಗಳ ನಡುವಿನ ಗುಡಿಸಲುಗಳನ್ನೆಲ್ಲ ಸುತ್ತುವವಳು. ನನಗೆ ತಿಳಿದಂತೆ ಬೇನೆ ಎಂದು ಒಂದು ದಿನವೂ ಸೂಟಿ ಹಾಕಿದವಳಲ್ಲ. ಮಾವ ಕಿಡ್ನಿ ಎಂದ. ಎರಡು ವರ್ಷ ಮಿರಜಿನಲ್ಲಿ ತೋರಿಸಿದೆವು ಎಂದು ಬರೆದರೆ ಯಾರೂ ಸಂಶಯಪಡುವುದಿಲ್ಲ, ನಮ್ಮ ಕಡೆಯವರ ದೊಡ್ಡ ಬೇನೆಗಳೆಲ್ಲ ಮಿರಜಿಗೇ ಹೋಗುತ್ತವೆ. ಕಿಡ್ನಿ ಎಲ್ಲಿರುತ್ತದೆ ಎಂದು ಅವ್ವ ನನ್ನನ್ನು ಕೇಳಿ, ಸೊಂಟದ ಮೇಲೆ ಕೈಯಿಟ್ಟು ನೋಡಿಕೊಂಡಳು. ನಾನು ಒಂದೊಂದು ವಾಕ್ಯ ಬರೆದಾಗಲೂ ಅವಳು ಬಾಯಲ್ಲೇ "ಬಿಡ್ತು" ಅನ್ನುತ್ತಿದ್ದಳು. ಕೆಟ್ಟ ಮಾತು ಬಾಯಿಂದ ಬಂದರೆ ಅದು ತಗುಲದಿರಲೆಂದು ನಾವೆಲ್ಲ ಅನ್ನುವ ಮಾತು ಅದು. ಕೈಯಿಂದ ಬರೆದದ್ದಕ್ಕೂ ಅದು ನಡೆಯುತ್ತದೋ ಇಲ್ಲವೋ ಎಂದು ಅವಳಿಗೆ ಸ್ವಲ್ಪ ಅನುಮಾನವಿತ್ತು.

ಸಂದರ್ಶನಕ್ಕೆ ಕರೆ ಬಂತು. ಮಾವ ಪೇಡೆ ತಂದ. ಪುಣೆಯವರು ಫೋನು ಮಾಡಿ ವಿಚಾರಿಸಬಹುದು ಎಂದು ಅವ್ವನ ತಲೆಗೆ ಹೊಕ್ಕಿತು. ಅವಳಿಗೆ ಮರಾಠಿ ಸರಾಗವಾಗಿ ಬರುತ್ತಿತ್ತು, ಆದರೂ ರೊಟ್ಟಿ ಬಡಿಯುತ್ತ ತಾಲೀಮು ನಡೆಸಿದಳು. "ಆತಾ ಬರೀ ಆಹೆ," ಈಗ ಆರಾಮಿದ್ದೇನೆ ಎಂದು. ಒಮ್ಮೆ ದನಿ ಸಣ್ಣ ಮಾಡಿ, ಒಮ್ಮೆ ನಡುವೆ ಕೆಮ್ಮಿ. ಕಿಡ್ನಿಗೆ ಕೆಮ್ಮು ಬರುವುದಿಲ್ಲ ಎಂದು ನಾನು ನಕ್ಕೆ, ಅವಳೂ ನಕ್ಕಳು. ಆ ಎರಡು ವಾರ ನಮ್ಮ ಮನೆಯಲ್ಲಿ ನಿಜವಾಗಿಯೂ ಖುಷಿಯಿತ್ತು.

ಪುಣೆಯಲ್ಲಿ ಮೂವರು ಕುಳಿತಿದ್ದರು. ಒಬ್ಬ ವಯಸ್ಸಾದ ಪ್ರೊಫೆಸರರು, ಸುಮ್ಮನೆ ಬರೆದುಕೊಳ್ಳುತ್ತಿದ್ದ ಒಬ್ಬ ತರುಣ, ನಮ್ಮವ್ವನ ವಯಸ್ಸಿನ ಒಬ್ಬ ಮೇಡಂ, ಅಲ್ಲಿಯವರ ಮಾತಿನಲ್ಲಿ ಬಾಯಿಯವರು. ಮೊದಲ ಪ್ರಶ್ನೆಗಳಿಗೆ ತಪ್ಪು ಇಂಗ್ಲಿಷಿನಲ್ಲಿಯೇ ಸರಿಯುತ್ತರ ಕೊಟ್ಟೆ. ಆಮೇಲೆ ಬಾಯಿಯವರು ನನ್ನ ಅಂಕಪಟ್ಟಿ ನೋಡಿ, ಚೌಕದಲ್ಲಿ ಬರೆದದ್ದನ್ನು ಓದಿ, ಮರಾಠಿಗೆ ಹೊರಳಿದರು. ಆಯಿ, ಅಂದರೆ ಅವ್ವ, ಈಗ ಹೇಗಿದ್ದಾರೆ ಎಂದು ಕೇಳಿದರು.

"ಬರೀ ಆಹೆ" ಎಂದಿದ್ದರೆ ಮುಗಿದಿತ್ತು. ಅಷ್ಟರಲ್ಲಿ ವಯಸ್ಸಾದವರು ನಡುವೆ ಬಾಯಿ ಹಾಕಿದರು. ತಮ್ಮ ಅಣ್ಣನಿಗೂ ಕಿಡ್ನಿಯದೇ ತೊಂದರೆ ಇತ್ತು ಎಂದರು. ವಾರಕ್ಕೆ ಎಷ್ಟು ಸಲ ಡಯಾಲಿಸಿಸ್, ಎರಡೂ ಕಿಡ್ನಿ ಹೋಗಿದ್ದವೇ, ಕಿಡ್ನಿ ಕೊಟ್ಟವರು ಯಾರು ಎಂದು ಕೇಳುತ್ತ ಹೋದರು. ಪರೀಕ್ಷಿಸಲು ಕೇಳುತ್ತಿರಲಿಲ್ಲ, ಪಾಪ, ನೊಂದವರು ನೊಂದವರನ್ನು ಕೇಳುವ ಹಾಗೆ ಕೇಳುತ್ತಿದ್ದರು. ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಈ ಪ್ರಶ್ನೆಗಳು ಹೇಗಾದರೂ ನಿಂತರೆ ಸಾಕಾಗಿತ್ತು.

"ಆಯಿ ಗೇಲಿ," ಅಂದೆ. ಅವ್ವ ಹೋದಳು ಎಂದು.

ಪ್ರಶ್ನೆಗಳು ನಿಂತವು. ಬಾಯಿಯವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. ವಯಸ್ಸಾದವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಇಂಥ ಕಷ್ಟದಲ್ಲಿಯೂ ಓದು ಬಿಡಲಿಲ್ಲವಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನನ್ನ ಐವತ್ತೊಂದನ್ನು ಜೀವನದಲ್ಲಿ ಮೊದಲ ಸಲ ಯಾರೋ ಗೌರವದಿಂದ ನೋಡುತ್ತಿದ್ದರು. ಸೀಟು ಸಿಕ್ಕಿತು ಅನ್ನಿಸಿತು. ಹೌದು, ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಸಂತೋಷವೇ. ಮನಸ್ಸಿನೊಳಗಾದರೂ ಬಿಡ್ತು ಅನ್ನಬೇಕೆಂದು ಹೊಳೆಯಲಿಲ್ಲ.

ಅಷ್ಟರಲ್ಲಿ ಅಲ್ಲಿಯವರೆಗೆ ಬಾಯಿ ಬಿಡದಿದ್ದ ತರುಣ ಅರ್ಜಿಯ ಮೊದಲ ಪುಟ ತೆರೆದು ಇಬ್ಬರ ಮುಂದೆ ಇಟ್ಟ. ತಾಯಿಯ ಉದ್ಯೋಗ: ಅಂಗನವಾಡಿ ಶಿಕ್ಷಕಿ. ಪಕ್ಕದಲ್ಲಿ ಅವ್ವನ ಸಹಿ, ಹೋದ ತಿಂಗಳ ದಿನಾಂಕ ಸಮೇತ. ದುಂಡಗೆ, ಒತ್ತಿ ಬರೆದ ಸಹಿ, ಅವಳು ಹಾಜರಿ ಪುಸ್ತಕದಲ್ಲಿ ಮಾಡುತ್ತಿದ್ದಂಥದೇ.

ಯಾರೂ ಬೈಯಲಿಲ್ಲ. ವಯಸ್ಸಾದವರು ಕನ್ನಡಕ ಹಾಕಿಕೊಂಡರು. ಬಾಯಿಯವರು ನನ್ನ ಮುಖ ನೋಡಲಿಲ್ಲ. ಇನ್ನು ಹೋಗಬಹುದು ಎಂದು ಹೇಳಿದವನು ತರುಣನೇ. ನೀರಿನ ಲೋಟ ಹಾಗೇ ಇತ್ತು.

ಮಿರಜಿನಲ್ಲಿ ಗಾಡಿ ಬದಲಿಸುವಾಗ ಆಸ್ಪತ್ರೆಯ ಚೀಲ ಹಿಡಿದವರು ಎಷ್ಟೋ ಜನ ಪ್ಲ್ಯಾಟ್‌ಫಾರ್ಮಿನ ಮೇಲೆ ಕೂತಿದ್ದರು. ಅವರ ಕಡೆ ನೋಡಲಾಗಲಿಲ್ಲ. ರಾಯಬಾಗ ಸ್ಟೇಷನ್ನಿಗೆ ಅವ್ವನೇ ಬಂದಿದ್ದಳು, ಅಂಗನವಾಡಿ ಬಿಟ್ಟ ಮೇಲೆ ನೆಟ್ಟಗೆ ಅಲ್ಲಿಗೇ. ನನ್ನ ಚೀಲ ಕಸಿದುಕೊಂಡು ತಾನೇ ಹೊತ್ತಳು. ಊಟ ಮಾಡಿದೆಯಾ ಎಂದು ಕೇಳುವುದಕ್ಕೂ ಮೊದಲು ಅವಳು ಕೇಳಿದ್ದು ತನ್ನ ಬಗ್ಗೆ.

"ನಂದು ಕೇಳಿದ್ರೇನ?"

"ಕೇಳಿದ್ರು."

"ಏನ ಹೇಳಿದಿ?"

"ಆರಾಮ ಆಗ್ಯಾಳ ಅಂತ ಹೇಳಿದೆ."

ಅವ್ವನಿಗೆ ಭಾಳ ಸಮಾಧಾನವಾಯಿತು. ತಾನು ಆರಾಮಾದದ್ದನ್ನು ಪುಣೆಯ ದೊಡ್ಡವರೂ ಕೇಳಿ ತಿಳಿದುಕೊಂಡರು ಎಂದು ಅಪ್ಪನಿಗೂ ಹೇಳಿದಳು.

ತಿಂಗಳ ನಂತರ ವಿಷಾದದ ಪತ್ರ ಬಂತು. ಮಾವ ಕಿಡ್ನಿ ಸಾಕಾಗಲಿಲ್ಲ ಎಂದು ಷರಾ ಬರೆದ. ಅವ್ವ ಒಂದು ದಿನ ಮಂಕಾಗಿದ್ದಳು. ಮರುದಿನ ಅಂಗನವಾಡಿಗೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತು, ಇಡೀ ರಾತ್ರಿ ವಿಚಾರ ಮಾಡಿದವಳ ಹಾಗೆ ಹೇಳಿದಳು:

"ಕಾಳಜಿ ಮಾಡಬ್ಯಾಡ. ಮುಂದಿನ ಸಲ ನನಗ ಇದಕ್ಕಿಂತ ದೊಡ್ಡದು ಬರಿ. ಬಿಡ್ತು ಅನ್ನಾಕ ನಾ ಅದೀನಿ."

ಇದಕ್ಕಿಂತ ದೊಡ್ಡದು ಇನ್ನೇನೂ ಉಳಿದಿರಲಿಲ್ಲ. ಅದನ್ನು ಅವಳಿಗೆ ಹೇಗೆ ಹೇಳುವುದು?

ಮರುವರ್ಷ ಮತ್ತೆ ದನದ ಡಾಕ್ಟರ ಸಹಿ ಮಾಡಿಸಿಕೊಂಡು ಬಂದೆ. ಈ ಸಲ ಅವರು ಏನೂ ಕೇಳಲಿಲ್ಲ, ಅಂಕಗಳು ಅವರಿಗೆ ಬಾಯಿಪಾಠವಾಗಿದ್ದವು. ಅವ್ವ ನನ್ನ ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಕಾರಣದ ಚೌಕ ಬಂದಾಗ ಪೆನ್ನನ್ನು ಕಾಗದದ ಮೇಲೆ ತಾಗಿಸದೆ ಆಡಿಸಿದೆ, ಖಾಲಿ ಬಿಟ್ಟೆ. ಬರೆದೆಯೇನು ಎಂದು ಕೇಳಿದಳು. ಹೂಂ ಎಂದೆ. ಏನು ಬೇನೆ ಎಂದು ಕೇಳಲಿಲ್ಲ. ಮೊರದಿಂದ ಕೈ ತೆಗೆದು, ಕಣ್ಣು ಮುಚ್ಚಿ, "ಬಿಡ್ತು" ಅಂದಳು.

ನಾನೂ ಅಂದೆ, ಒಂದು ವರ್ಷ ತಡವಾಗಿ. ಆ ಅರ್ಜಿಗೆ ಉತ್ತರ ಬರಲಿಲ್ಲ.