ಪುಕ್ಕಟೆ ಸೀಟು

ನನ್ನ ಕೆಲಸವೇನೆಂದು ಊರಲ್ಲಿ ಯಾರಾದರೂ ಕೇಳಿದರೆ ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. "ರಾಕೆಟ್‌ಗೆ ಟಿಕೆಟ್ ಕೊಡ್ತಾಳೆ ಕಣಪ್ಪ." ನನಗೆ ಸಿಟ್ಟು ಬರುತ್ತಿತ್ತು. ಎಂಬಿಎ ಓದಿಸಿದವರೇ ಮಗಳನ್ನು ಹೀಗೆ ಕಂಡಕ್ಟರ್ ಮಾಡಿಬಿಟ್ಟರೆ ಹೇಗೆ? ಆದರೆ ಅವರು ಹೇಳುತ್ತಿದ್ದುದರಲ್ಲಿ ತಪ್ಪೇನೂ ಇರಲಿಲ್ಲ. ಚಿಕ್ಕ ರಾಕೆಟ್ ಕಟ್ಟುವ ಖಾಸಗಿ ಕಂಪನಿಯೊಂದರಲ್ಲಿ ನಾನಿದ್ದೇನೆ. ಕಟ್ಟುವವರು ಬೇರೆ. ಉಪಗ್ರಹ ಕಳಿಸಬೇಕೆಂದಿರುವವರಿಗೆ ರಾಕೆಟ್ಟಿನ ತುದಿಯಲ್ಲಿರುವ ಜಾಗವನ್ನು ತೂಕದ ಲೆಕ್ಕದಲ್ಲಿ ಮಾರುವುದು ನನ್ನ ಕೆಲಸ. ಬಸ್ಸಿನ ಲಗೇಜಿಗಿಂತ ಚಾರ್ಜು ಸ್ವಲ್ಪ ಹೆಚ್ಚು, ಅಷ್ಟೇ. ಒಂದು ಕಿಲೋ ಸಾಮಾನು ಮೇಲೆ ಕಳಿಸುವ ದುಡ್ಡಿನಲ್ಲಿ ನಮ್ಮೂರಲ್ಲಿ ಒಂದು ಮನೆ ಕಟ್ಟಿ, ಗೃಹಪ್ರವೇಶದ ಊಟವನ್ನೂ ಹಾಕಿಸಬಹುದು.

ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿಯಿದೆ. ಹೊಸ ಕಂಪನಿಯ ಮೊದಲ ರಾಕೆಟ್ ಬೀಳುವ ಸಂಭವವೇ ಹೆಚ್ಚು. ಆದ್ದರಿಂದ ದುಡ್ಡು ಕೊಡುವ ಗಿರಾಕಿ ಅದನ್ನು ಹತ್ತುವುದಿಲ್ಲ. ನಮ್ಮದೂ ಅಂಥ ಮೊದಲ ರಾಕೆಟ್ಟೇ. ವಿಮೆಯವರು ನಮ್ಮ ಫೋನನ್ನೇ ಎತ್ತಲಿಲ್ಲ. ನಾನು ಕಂಡಕಂಡವರಿಗೆಲ್ಲ ಮೇಲ್ ಬರೆದು ಸೋತು ಸುಣ್ಣವಾದೆ. ಕೊನೆಗೆ ಹುಣಸೂರಿನ ಒಂದು ಕಾಲೇಜಿನ ಹುಡುಗಿಯರು ಪುಟ್ಟ ಉಪಗ್ರಹವೊಂದನ್ನು ಕಟ್ಟುತ್ತಿದ್ದಾರೆಂದು ಗೊತ್ತಾಯಿತು. ಎರಡು ಟಿಫನ್ ಡಬ್ಬಿ ಒಂದರ ಮೇಲೊಂದಿಟ್ಟಷ್ಟು ಗಾತ್ರ. ಮೇಲೆ ಹೋಗಿ ಬಿಸಿಲಿನ ಕಾವನ್ನು ಅಳೆದು ರೇಡಿಯೋದಲ್ಲಿ ಹೇಳಬೇಕು, ಅಷ್ಟೇ ಅದರ ಕೆಲಸ. ಆ ಹುಡುಗಿಯರಲ್ಲಿ ಒಬ್ಬಳು ನಮ್ಮೂರಿನವಳೇ. ಹಾರನಹಳ್ಳಿ ಕಡೆಯ ನಮ್ಮ ಊರಲ್ಲಿ ಅವಳ ಅಮ್ಮ ನಮ್ಮ ಹೊಲಕ್ಕೇ ಹೊಗೆಸೊಪ್ಪಿನ ಕೆಲಸಕ್ಕೆ ಬರುತ್ತಾರೆ.

ನಾನು ಕಾಲೇಜಿಗೆ ಹೋಗಿ ಭಾಷಣ ಬಿಗಿದೆ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ನಮ್ಮ ಕಂಪನಿಯಿಂದ ಪುಕ್ಕಟೆ ಸೀಟು ಎಂದೆ. ಚಪ್ಪಾಳೆ ಬಿತ್ತು. ನನಗೆ ಶಾಲು ಹೊದಿಸಿ, ತಟ್ಟೆಯಲ್ಲಿ ಹಣ್ಣು ಕೊಟ್ಟರು. "ಅಪಾಯ ಇದ್ದೇ ಇರುತ್ತದೆ" ಎಂದು ಒಂದು ಮಾತು ಸೇರಿಸಿದ್ದೆನೇನೋ ನಿಜ. ಚಿಲ್ಲರೆ ಇಲ್ಲ ಎಂದು ಕಂಡಕ್ಟರ್ ಹೇಳುವಾಗ ಇರುವ ದನಿಯಲ್ಲಿ. ಸೀಟು ಯಾಕೆ ಪುಕ್ಕಟೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ರಾಕೆಟ್ ಏಳುವಾಗ ನಾನು ಆಫೀಸಿನ ದೊಡ್ಡ ಹಾಲಿನಲ್ಲಿದ್ದೆ. ಹುಡುಗಿಯರು ಕಾಲೇಜಿನಲ್ಲಿ ಪರದೆ ಕಟ್ಟಿಕೊಂಡು ನೋಡುತ್ತಿದ್ದರು. ಅದು ಚೆನ್ನಾಗಿಯೇ ಎದ್ದಿತು. ಕೆಳಗಿನ ಭಾಗ ಕಳಚಿಕೊಂಡ ಮೇಲೆ ಮೇಲಿನ ಎಂಜಿನ್ ಹೊತ್ತಿಕೊಳ್ಳಬೇಕಿತ್ತು. ಹೊತ್ತಿಕೊಂಡಿತು, ಕೆಮ್ಮಿದಂತೆ ಮಾಡಿ ಆರಿಹೋಯಿತು. ಎತ್ತರ ತೋರಿಸುವ ಅಂಕಿ ನಿಂತಿತು, ಆಮೇಲೆ ಇಳಿಯತೊಡಗಿತು. ಹಿಂದೆ ಯಾರೋ ಗೊತ್ತಾಗದೆ ಚಪ್ಪಾಳೆ ತಟ್ಟುತ್ತಲೇ ಇದ್ದರು. ಎಲ್ಲ ಸಮುದ್ರಕ್ಕೆ ಹೋಯಿತು.

ಸಂಜೆ ಕಂಪನಿಯ ಹೇಳಿಕೆ ಹೊರಬಿತ್ತು. ಮೊದಲ ಹಂತ ನಿರೀಕ್ಷೆಯಂತೆ ಕೆಲಸ ಮಾಡಿದೆ, ಅಮೂಲ್ಯ ಮಾಹಿತಿ ದೊರೆತಿದೆ, ಮುಂದಿನ ಹಾರಾಟಕ್ಕೆ ಇದು ಅಡಿಪಾಯ. ಇದನ್ನು ಉಡಾವಣೆಗೆ ಮೊದಲೇ ಬರೆದಿಟ್ಟಿದ್ದೆವು. ಗೆದ್ದರೆ ಒಂದು, ಬಿದ್ದರೆ ಒಂದು. ಕಾಲೇಜಿಗೂ ಅದನ್ನೇ ಕಳಿಸಿದೆ. ಕಳಿಸಿದ ಮೇಲೆ ನೋಡಿದರೆ ಅದರಲ್ಲಿ ಹುಡುಗಿಯರ ಡಬ್ಬಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು. ನಮಗೇನು, ಇನ್ನೊಂದು ರಾಕೆಟ್ ಅರ್ಧ ಸಿದ್ಧವಾಗಿತ್ತು, ಬಂಡವಾಳ ಹಾಕುವವರು ಇನ್ನೂ ಇದ್ದರು. ಹುಡುಗಿಯರಿಗೆ ಇನ್ನೊಂದು ಡಬ್ಬಿ ಇರಲಿಲ್ಲ. ಕೊನೆಯ ವರ್ಷದಲ್ಲಿದ್ದರು, ಇನ್ನೊಂದನ್ನು ಕಟ್ಟುವ ಹೊತ್ತಿಗೆ ಅವರು ಕಾಲೇಜಿನಲ್ಲೇ ಇರುವುದಿಲ್ಲ. ಕಾಲೇಜಿನಿಂದ ಉತ್ತರ ಬಂತು: ಧನ್ಯವಾದ ಮೇಡಂ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ತನಿಖೆ ಮುಗಿಯುವವರೆಗೆ ನನ್ನಂಥವರಿಗೆ ಕೆಲಸವಿರಲಿಲ್ಲ. ಊರಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಅವ್ವ ಬಾ ಎಂದಳು, ಹೊರಟೆ. ಬಿಳಿಕೆರೆ ದಾಟಿದರೆ ಮುಂದಿನದು ಹುಣಸೂರು, ಆ ಕಾಲೇಜಿನ ಊರು. ಹುಣಸೂರಿನ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗಿಯರು ಗುಂಪಾಗಿ ಬಸ್ಸಿಗೆ ಹತ್ತಿದರು. ನಾನು ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಂಡು, ಕಿಟಕಿಗೆ ಒರಗಿ, ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದೆ. ಅವರು ಬೇರೆ ಯಾವುದೋ ಕಾಲೇಜಿನವರು. ಆದರೂ ಪಿರಿಯಾಪಟ್ಟಣ ಬರುವ ತನಕ ಕಣ್ಣು ಬಿಡಲಿಲ್ಲ.

ನಮ್ಮ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಎತ್ತರದ ಮನೆಯಲ್ಲಿ ನೇತುಹಾಕಿ, ಕೆಳಗೆ ಹಾಯಿಸಿದ ಪೈಪುಗಳ ಮೂಲಕ ಸೌದೆ ಉರಿಯ ಕಾವು ಕೊಡುತ್ತಾರೆ. ಒಣಗಿದ ಎಲೆಯೊಂದು ಕಾದ ಪೈಪಿನ ಮೇಲೆ ಬಿದ್ದರೆ ಮುಗಿಯಿತು, ಇಡೀ ಬ್ಯಾರನ್ ಬೂದಿ. ಹಾಗಾದ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರು ಊಟ ತರುತ್ತಾರೆ. ಹೊಲದಲ್ಲಿ ಉಳಿದ ಸೊಪ್ಪಿಗೆ ಯಾರಾದರೂ ತಮ್ಮ ಬ್ಯಾರನ್ನಿನಲ್ಲಿ ಜಾಗ ಕೊಡುತ್ತಾರೆ. ಆದರೆ ಹೇಗೆ ಸುಟ್ಟಿತು ಎಂದು ಯಾರೂ ಕೇಳುವುದಿಲ್ಲ. ಉರಿ ಕಾಯುವವರು ತೂಕಡಿಸಿರುತ್ತಾರೆ, ಇನ್ನೇನು ಇರುತ್ತದೆ? ಕೇಳಿದವರೂ ಒಂದು ದಿನ ತೂಕಡಿಸುವವರೇ. ಅದಕ್ಕೇ ಸುಳ್ಳಾದರೂ ಸರಿ, ಸಮಾಧಾನದ ಮಾತನ್ನಷ್ಟೇ ಆಡುವುದು.

ನನ್ನ ವಿಷಯದಲ್ಲೂ ಊರಿನವರು ಇದನ್ನೇ ಮಾಡಿದರು. ನಾನು ಬಂದಿದ್ದೇನೆಂದು ಗೊತ್ತಾಗಿದ್ದೇ ತಡ, ಒಬ್ಬೊಬ್ಬರಾಗಿ ಬಂದು ಜಗಲಿಯ ಮೇಲೆ ಕುಳಿತರು. "ಬುಡವ್ವ, ಯಾರ್ ಬ್ಯಾರನ್ ಸುಟ್ಟಿಲ್ಲ?" "ನಿಂದೇನ್ ತಪ್ಪಿದ್ದದು? ಬೆಂಕಿ ಕೆಲ್ಸ." ಅಪ್ಪ ಅವರಿಗೆಲ್ಲ ಕಾಫಿ ಕೊಡಿಸುತ್ತ, ಬ್ಯಾರನ್ ಸುಟ್ಟ ಮನೆಯ ಯಜಮಾನನ ಹಾಗೆ ತಲೆಯಾಡಿಸುತ್ತಿದ್ದರು. ನಾನು ಕಟ್ಟಲಿಲ್ಲ, ಉರಿ ಹಾಕಲಿಲ್ಲ, ನನ್ನದೊಂದು ಕಾಸೂ ಹೋಗಲಿಲ್ಲ ಎಂದು ಹೇಳಬೇಕಿತ್ತು. ಲೋಟ ಎತ್ತಿ ಕಾಫಿ ಕುಡಿದೆ. ಸಮಾಧಾನ ಮಾಡಿಸಿಕೊಳ್ಳುವುದು ಹಿತವಾಗಿಯೂ ಇತ್ತು, ಅದೇ ನಾಚಿಕೆಗೇಡು.

ಮಧ್ಯಾಹ್ನ ಆ ಹುಡುಗಿಯ ಅಮ್ಮ ಬಂದರು. ಸೆರಗಿನ ಕೆಳಗೆ ಬಿಸಿ ಮುದ್ದೆ, ಉಪ್ಪೆಸರು. ಹಿಂದೆ ಮಗಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಕಳಕೊಂಡವರು ಅವರು, ಊಟ ತಂದವರೂ ಅವರೇ.

"ಉಣ್ಣು ಮಗ. ಮಕ ಬಾಡೋಗದೆ," ಎಂದು ಅವರೇ ತಟ್ಟೆ ಹುಡುಕಿ ಬಡಿಸಿದರು. ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದರು. "ಇವ್ಳು ಅವತ್ನಿಂದ ಕಾಲೇಜ್ಗೆ ಓಗ್ತಿಲ್ಲ ಕಣವ್ವ. ಪರೀಕ್ಸೆ ಕಟ್ಟಾಕಿಲ್ಲ, ಸೊಪ್ಪು ಕಟ್ತೀನಿ ಅಂತ ಕುಂತವ್ಳೆ. ನೀನೇ ಒಸಿ ಬುದ್ಧಿ ಏಳು." ಹಾಗೆಂದು ಅವ್ವನ ಜೊತೆ ಹಿತ್ತಿಲಿಗೆ ಹೋದರು.

ಹುಡುಗಿ ಕಂಬಕ್ಕೆ ಒರಗಿ ನಿಂತಿದ್ದಳು. ಅಮ್ಮ ಮರೆಯಾದ ಮೇಲೆ ಕೇಳಿದಳು.

"ಅಕ್ಕ, ನಿಜ ಏಳಿ. ನಮ್ ಡಬ್ಬಿಯಿಂದ್ಲೇ ಬಿತ್ತಾ?"

ನನಗೆ ಅರ್ಥವಾಗಲಿಲ್ಲ. ಅವಳು ಕೈಗಳನ್ನು ಮುಂದೆ ಚಾಚಿದಳು. ಹಸಿ ಹೊಗೆಸೊಪ್ಪು ಮುರಿಯುವವರ ಕೈಗೆ ಹತ್ತುವ ಕಪ್ಪು ಅಂಟು ಬೆರಳ ಸಂದಿಯಲ್ಲೆಲ್ಲ ಇತ್ತು.

"ಒಳಗಡೆ ವೈರಿಗೆಲ್ಲ ಬೆಸುಗೆ ಆಕಿದ್ದು ನಾನೇ. ಓದ್ ವರ್ಸ, ಇಂಗೇ ಸೊಪ್ಪು ಮುರಿಯೋ ಕಾಲ. ಬೆಳಗ್ಗೆ ಸೊಪ್ಪು ಮುರಿದು ಕಾಲೇಜ್ಗೆ ಓಗ್ತಿದ್ದೆ. ಉಣ್ಸೆಣ್ಣು ಆಕಿ ಎಷ್ಟು ಉಜ್ಜುದ್ರೂ ಓಗ್ತಿರ್ಲಿಲ್ಲ. ಆ ಅಂಟು ಒಳಕ್ಕೋಗಿ, ಕಾವಿಗೆ ಕರಗಿ ಏನಾದ್ರೂ ಆಯ್ತಾ ಅಂತ."

ಇಷ್ಟು ದಿನ ಈ ಮಗು ಒಂದು ರಾಕೆಟ್ಟಿನ ಭಾರವನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿತ್ತು.

"ಇಲ್ಲ ಕಣಮ್ಮ. ನಿಮ್ಮ ಡಬ್ಬಿ ಆನ್ ಆಗೋದೇ ರಾಕೆಟ್ ಅದನ್ನ ಮೇಲೆ ಬಿಟ್ಟ ಮೇಲೆ. ಅಲ್ಲೀವರೆಗೂ ಅದು ಸುಮ್ಮನೆ ಮಲಗಿರತ್ತೆ. ಕೆಟ್ಟಿದ್ದು ನಮ್ಮ ಎಂಜಿನ್ನು."

"ಸಮಾಧಾನಕ್ಕೆ ಏಳ್ತಿದ್ದೀರ," ಎಂದಳು.

ಅವಳ ತಪ್ಪಲ್ಲ. ಬೆಳಗ್ಗೆಯಿಂದ ಈ ಜಗಲಿಯಲ್ಲಿ ಎಲ್ಲರೂ ಆಡಿದ್ದು ಸಮಾಧಾನದ ಮಾತನ್ನೇ. ಅವಳು ನಂಬುವಂಥದ್ದನ್ನು ಹೇಳಬೇಕಿದ್ದರೆ, ನನ್ನ ಮಾನ ಹೋಗುವಂಥದ್ದನ್ನೇ ಹೇಳಬೇಕಿತ್ತು. ತಟ್ಟೆ ಪಕ್ಕಕ್ಕಿಟ್ಟೆ.

"ಸೀಟು ಯಾಕೆ ಪುಕ್ಕಟೆ ಕೊಟ್ವಿ ಗೊತ್ತಾ? ದುಡ್ಡು ಕೊಡೋರು ಯಾರೂ ಹತ್ತಲಿಲ್ಲ. ಮೊದಲನೇ ರಾಕೆಟ್ ಬೀಳೋದೇ ಜಾಸ್ತಿ ಅಂತ ಅವರಿಗೆ ಗೊತ್ತು. ನನಗೂ ಗೊತ್ತಿತ್ತು. ನೀವು ಒಪ್ಪದಿದ್ರೆ ಆ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣದ ತುಂಡು ಇಡಬೇಕು ಅಂತಿತ್ತು. ರಾಕೆಟ್‌ಗೆ ಎರಡೂ ಒಂದೇ. ಫೋಟೋದಲ್ಲಿ ಚೆನ್ನಾಗಿರತ್ತೆ ಅಂತ ನಾನು ನಿಮ್ಮ ಹತ್ರ ಬಂದೆ."

ಅವಳು ಈ ಸಲ ನಂಬಿದಳು. ಮೊದಲು ಮುಖ ಸಡಿಲವಾಯಿತು. ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡು ಲಂಗಕ್ಕೆ ಒರೆಸಿಕೊಂಡಳು. ಆಮೇಲೆ ನಿಧಾನಕ್ಕೆ ಉಳಿದ ಮಾತೂ ಒಳಗಿಳಿಯಿತು. ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದಳು.

"ಅಂಗಾರೆ ಕಬ್ಬಿಣಾನೇ ಮಡಗಬೋದಾಗಿತ್ತಲ್ಲ ಅಕ್ಕ?"

"ಮಡಗಬಹುದಾಗಿತ್ತು," ಎಂದೆ.

ಮರುದಿನ ಬೆಳಗ್ಗೆ ಅವಳು ಬ್ಯಾಗು ಹಾಕಿಕೊಂಡು ಹುಣಸೂರಿನ ಬಸ್ಸಿಗೆ ಬಂದಳು. ಸೌದೆ ಲೋಡಿಗೆ ಕಾಯುತ್ತ ನಾನೂ ಅಲ್ಲೇ ರಸ್ತೆಯಲ್ಲಿ ನಿಂತಿದ್ದೆ. ಬಸ್ಸು ಬರುವ ತನಕ ಇಬ್ಬರೇ ಇದ್ದೆವು. ಅವಳು ನನ್ನನ್ನು ಮಾತಾಡಿಸಲಿಲ್ಲ.