ತೊಳೆದ ಅಂಗಿ

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಕ್ಕುಬಿಡುತ್ತಿದ್ದೆ. ನಮ್ಮ ಇಗರ್ಜಿಯ ಪಾದ್ರಿಗಳ ಎದುರೂ ಹಾಗೆ ನಕ್ಕದ್ದುಂಟು. ಈಗ ನಗುವುದಿಲ್ಲ. ನಂಬಿಕೆ ಬಂದಿದೆ ಎಂದಲ್ಲ, ನಗು ಬರುವುದಿಲ್ಲ, ಅಷ್ಟೆ.

ಬದಿಯಡ್ಕದಿಂದ ಆಚೆ, ಪದವಿನ ಬೋಳುಗುಡ್ಡದ ಮೇಲೆ ಆಗ ಒಂದು ಸಫಾರಿ ಪಾರ್ಕ್ ಇತ್ತು. ಹೆಸರು ಕೇಳಿ ಹುಲಿ, ಸಿಂಹ ಎಂದೆಲ್ಲ ಎಣಿಸಬೇಡಿ. ಕೆಲವು ಕತ್ತೆ, ಕುಳ್ಳ ಕುದುರೆ, ಎಮು ಹಕ್ಕಿ, ಮತ್ತೆ ಒಂದೇ ಒಂದು ಒಂಟೆ. ತೆರೆದ ಜೀಪಿನಲ್ಲಿ ಮಕ್ಕಳನ್ನು ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದರು. ಮೇವು ಹಾಕುವುದು, ಕೊಟ್ಟಿಗೆ ತೊಳೆಯುವುದು ನನ್ನ ಕೆಲಸ. ಕ್ರೈಸ್ತ ಹೆಂಗಸಾದ್ದರಿಂದ ಅಲ್ಲಿ ಎಲ್ಲರಿಗೂ ನಾನು ಬಾಯಮ್ಮ. ನನಗೆ ಚೊಕ್ಕದ ಹುಚ್ಚು ಸ್ವಲ್ಪ ಹೆಚ್ಚೇ. ಬಕೆಟ್ಟಿಗೆ ಒಂದು ಹುಲ್ಲು ಅಂಟಿದ್ದರೂ ಉಜ್ಜದೆ ಸಮಾಧಾನವಿಲ್ಲ.

ಒಂಟೆಯ ಹೆಸರು ಜಮೀಲಾ, ವಯಸ್ಸಾದವಳು. ಅವಳನ್ನು ನೋಡಿಕೊಳ್ಳುತ್ತಿದ್ದವರು ನೆಕ್ರಾಜೆಯ ಮೂಸಾಕ. ಅರ್ಧ ಆಯುಷ್ಯ ಗಲ್ಫಿನಲ್ಲಿ ಒಂಟೆ ಮೇಯಿಸಿ, ಊರಿಗೆ ಬಂದ ಮೇಲೂ ಒಂಟೆಯೇ ಗತಿಯಾಯಿತಲ್ಲ ಎಂದು ನಗಾಡುತ್ತಿದ್ದ ಮನುಷ್ಯ. ಜಮೀಲಾ ಬೇರೆಯವರು ಹಾಕಿದ್ದನ್ನು ಮುಟ್ಟುತ್ತಿರಲಿಲ್ಲ. ಅದಕ್ಕೇ ಅವರು ರಜೆ ಹಾಕುವಾಗ ಬೆವರಿನ ಅಂಗಿಯನ್ನು ಮೇವಿನ ತೊಟ್ಟಿಯ ಮೇಲಿನ ಮೊಳೆಗೆ ತೂಗುಹಾಕಿ ಹೋಗುತ್ತಿದ್ದರು. ಅದನ್ನು ಮೂಸಿ ನೋಡಿ, ಅವರು ಇಲ್ಲೇ ಎಲ್ಲೋ ಇದ್ದಾರೆ ಎಂದುಕೊಂಡು ಅವಳು ತಿನ್ನುತ್ತಿದ್ದಳು.

ಎದೆನೋವೆಂದು ಅವರನ್ನು ಮಂಗಳೂರಿಗೆ ಕರೆದೊಯ್ದ ದಿನವೂ ಜೀಪು ಹತ್ತುವ ಮೊದಲು ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟರು. “ಬಾಯಮ್ಮ, ಇದೊಂದನ್ನು ತೊಳೀಬೇಡಿ ಮಾರಾಯ್ರೆ. ನೀವು ಕಣ್ಣಿಗೆ ಕಂಡದ್ದನ್ನೆಲ್ಲ ತೊಳೆಯುವ ಜನ.”

ಒಂದು ವಾರದ ಮೇಲೆ, ನಾಳೆ ಡಿಸ್ಚಾರ್ಜ್ ಎಂದು ಸುದ್ದಿ ಬಂತು. ಅಂಗಿಯ ತುಂಬ ಜೊಲ್ಲು, ಹಿಂಡಿ, ನೊಣ. ಆಸ್ಪತ್ರೆಯಿಂದ ಬಂದ ಮನುಷ್ಯ ಇದನ್ನು ಹಾಕಿಕೊಳ್ಳುವುದೇ? ಸಂತೋಷದ ಭರದಲ್ಲಿ ಸೋಪು ಹಚ್ಚಿ, ಕುಸುಬಿ ಒಗೆದು, ಬಿಸಿಲಿಗೆ ಹಾಕಿದೆ. ಸಂಜೆ ಫೋನ್ ಬಂತು. ಮತ್ತೆ ನೋವು ಕಾಣಿಸಿಕೊಂಡಿದೆ, ಪುನಃ ಐಸಿಯುಗೆ ಹಾಕಿದ್ದಾರೆ.

ಒಣಗಿದ ಅಂಗಿಯನ್ನು ಅದೇ ಮೊಳೆಗೆ ಹಾಕಿದೆ. ಜಮೀಲಾ ಮೂಸಿದಳು, ಮುಖ ತಿರುಗಿಸಿದಳು. ಬೈಹುಲ್ಲು, ಹಲಸಿನ ಸೊಪ್ಪು, ಬೆಲ್ಲ, ಯಾವುದೂ ಬೇಡ. ನಾಲ್ಕನೆಯ ದಿನ ನೆಲದಿಂದ ಏಳಲೇ ಇಲ್ಲ. ಬಂದ ಡಾಕ್ಟರು ಸೂಜಿ ಚುಚ್ಚಿ, “ಹೀಗೆ ತಿನ್ನದೆ ಇದ್ರೆ ಕಷ್ಟ ಉಂಟು” ಎಂದು ಹೋದರು. ನಾನು ಅವಳ ಪಕ್ಕದಲ್ಲಿ ಕುಳಿತು ಅತ್ತೆ. ನಾನು ಮಾಡಿದ ಕೆಲಸಕ್ಕೆ ಒಂದು ಜೀವ ಹೋಗುವುದರಲ್ಲಿತ್ತು.

ಮರುದಿನ ಬೆಳಿಗ್ಗೆ ಮೂಸಾಕ ತೀರಿಕೊಂಡರು. ಪಾರ್ಕ್ ಮುಚ್ಚಿ ಗಂಡಸರೆಲ್ಲ ದಫನಕ್ಕೆ ಹೋದರು. ಪ್ರಾಣಿಗಳಿಗೆ ನೀರು ಕೊಡಲು ನಾನೊಬ್ಬಳೇ ಉಳಿದೆ. ನೆತ್ತಿ ಸುಡುವ ಮಧ್ಯಾಹ್ನ. ಬಕೆಟ್ಟು ಹಿಡಿದು ಬರುವಾಗ ನೋಡಿದರೆ ಜಮೀಲಾ ಎದ್ದು ನಿಂತಿದ್ದಾಳೆ. ಮೆಲ್ಲಗೆ ತೊಟ್ಟಿಯ ಹತ್ತಿರ ನಡೆದು ಅಂಗಿಗೆ ಮುಖ ಒತ್ತಿದಳು. ಗಂಟಲಲ್ಲಿ ಗುಳುಗುಳು ಸದ್ದು ಮಾಡಿದಳು. ಮೂಸಾಕ ಗದ್ದದ ಅಡಿ ತುರಿಸುವಾಗ ಮಾತ್ರ ಅವಳು ಹಾಗೆ ಮಾಡುತ್ತಿದ್ದದ್ದು. ಕಣ್ಣು ಅರೆ ಮುಚ್ಚಿ, ಗದ್ದ ಎತ್ತಿ ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ತೊಟ್ಟಿ ಖಾಲಿಯಾಗುವವರೆಗೆ ತಿಂದಳು.

ನಾನು ಓಡಿಹೋಗಿ ಅಂಗಿಗೆ ಮೂಗು ಹಚ್ಚಿದೆ. ಬರೀ ಸೋಪಿನ ವಾಸನೆ. ಹಸಿವು ತಡೆಯಲಾರದೆ ತಿಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಅವರ ಮನೆಗೆ ಹೋದೆ. ಹೆಂಡತಿ ಐಸಮ್ಮ ನನ್ನ ಕೈ ಹಿಡಿದುಕೊಂಡರು.

“ಬಾಯಮ್ಮ, ಅವರ ಒಂದು ಅಂಗಿ ನಿಮ್ಮಲ್ಲಿ ಉಂಟಲ್ಲ? ಇಲ್ಲಿದ್ದದ್ದನ್ನೆಲ್ಲ ಮಗಳು ತೊಳೆದು ಹಾಕಿದ್ಲು. ಅವರ ಬೆವರಿನ ವಾಸನೆ ಈ ಮನೆಯಲ್ಲಿ ಎಲ್ಲಿಯೂ ಇಲ್ಲ. ಅದನ್ನು ಹಾಗೇ ತಂದು ಕೊಡ್ತೀರಾ?”

ನಾನೂ ತೊಳೆದದ್ದನ್ನು ಹೇಳದೆ, ತರುತ್ತೇನೆ ಎಂದೆ. ಜಮೀಲಾ ಈಗ ಅಂಗಿ ಇಲ್ಲದೆಯೂ ತಿನ್ನುತ್ತಿದ್ದಳು. ಮರುದಿನ ತಂದುಕೊಟ್ಟು ತಲೆ ತಗ್ಗಿಸಿ ಕುಳಿತೆ. ಐಸಮ್ಮ ಅಂಗಿಯಲ್ಲಿ ಮುಖ ಹುದುಗಿಸಿದರು. ಬೈಯುತ್ತಾರೆ ಎಂದು ಕಾದೆ. ಅವರು ಬಿಕ್ಕಿ ಬಿಕ್ಕಿ ಅತ್ತು, ಕೊನೆಗೆ ಮುಖ ಎತ್ತಿ, “ಅವರೇ ಬಾಯಮ್ಮ, ಅವರೇ. ತೊಳೆಯದೆ ಇಟ್ಟದ್ದು ನಿಮ್ಮ ದೊಡ್ಡ ಉಪಕಾರ” ಎಂದರು.

ನನ್ನನ್ನು ಸಮಾಧಾನ ಮಾಡಲು ಹೇಳಿದ ಮಾತಲ್ಲ ಅದು. ನಾನು ತೊಳೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಇಂದಿಗೂ ಗೊತ್ತಿಲ್ಲ. ದುಃಖದಲ್ಲಿ ಹಾಗೆ ಅನಿಸಿತು ಎನ್ನೋಣ. ಹಾಗಾದರೆ ಒಂಟೆಗೆ ಏನಾಗಿತ್ತು? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಅಂದು ಹೊರಡುವ ಮೊದಲು ನಾಚಿಕೆ ಬಿಟ್ಟು, ಒಮ್ಮೆ ಕೊಡಿ ಎಂದು ಕೇಳಿ ನಾನೂ ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ನನಗೆ ಸೋಪಿನ ವಾಸನೆ ಮಾತ್ರ ಬಂತು.